ವೈರಸ್ ಕೊರೆಯುವ ಕಳ್ಳ ತೂಬು, ದೇಹ ಹಚ್ಚುವ ಬೆಂಕಿ

ಶೀತ, ಕೆಮ್ಮು, ಮೈಕೈ ನೋವಿನೊಂದಿಗೆ ಬರುವ ವೈರಸ್ ಜ್ವರ ಬಹುಮಂದಿಗೆ ನಾಲ್ಕೈದು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೆಲವರ ವಿಷಯದಲ್ಲಿ ಮಾತ್ರ ಹಾಗಾಗುವುದಿಲ್ಲ. ಮೊದಲ ವಾರವೆಲ್ಲ ಎದ್ದು ಓಡಾಡಿಕೊಂಡಿದ್ದವರು ಎರಡನೆಯ ವಾರದ ಆರಂಭದಲ್ಲಿ ಇದ್ದಕ್ಕಿದ್ದಂತೆ ಏದುಸಿರು ಬಿಡತೊಡಗುತ್ತಾರೆ. 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ನಮ್ಮ ಊರುಗಳ ಎಷ್ಟೋ ಮನೆಗಳವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಸೋಜಿಗವೆಂದರೆ, ಉಸಿರಾಟ ಕಷ್ಟವಾಗುವ ಆ ಹೊತ್ತಿಗೆ ಸಾಮಾನ್ಯವಾಗಿ ಗಂಟಲಿನಲ್ಲಿರುವ ವೈರಸ್‌ಗಳ ಸಂಖ್ಯೆ ಮೊದಲಿಗಿಂತ ಕಡಿಮೆಯಾಗಿರುತ್ತದೆ. ಶತ್ರುವಿನ ದಂಡು ಕರಗುತ್ತಿರುವಾಗ ರೋಗ ಏಕೆ ಉಲ್ಬಣಿಸಬೇಕು?

ಇದಕ್ಕೆ ಉತ್ತರ ಒಂದೇ ಪದದಲ್ಲಿದೆ: ಉರಿಯೂತ. ವೈರಸ್ಸನ್ನು ಸುಡಲೆಂದು ನಮ್ಮ ದೇಹವೇ ಹಚ್ಚಿದ ಬೆಂಕಿ ಅಳತೆ ಮೀರಿ, ಶ್ವಾಸಕೋಶವನ್ನೂ ಸುಡತೊಡಗುತ್ತದೆ. ಆ ಬೆಂಕಿಗೆ ಮೊದಲ ಕಿಡಿ ಎಲ್ಲಿಂದ ಬರುತ್ತದೆ ಎಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಕಳೆದ ಹದಿನೈದು-ಇಪ್ಪತ್ತು ವರ್ಷಗಳ ಸಂಶೋಧನೆಯಿಂದ ಒಂದು ಮುಖ್ಯ ಮೂಲ ಗೊತ್ತಾಗಿದೆ. ವೈರಸ್ಸು ಜೀವಕೋಶದ ಪೊರೆಗಳಲ್ಲಿ ಕೊರೆಯುವ ಅತಿ ಸಣ್ಣ ರಂಧ್ರಗಳೇ ಆ ಮೂಲ. ಈ ವಿಷಯವನ್ನು ತಿಳಿದುಕೊಂಡರೆ ಜ್ವರ ಬಂದಾಗ ಯಾವ ಔಷಧಿಯನ್ನು ಯಾವಾಗ ತೆಗೆದುಕೊಳ್ಳಬೇಕು, ಯಾವಾಗ ಖಂಡಿತ ತೆಗೆದುಕೊಳ್ಳಬಾರದು ಎಂಬುದೂ ತಿಳಿಯುತ್ತದೆ.

ಜೀವಕೋಶವೆಂಬ ಕೆರೆ

ಕರಿಘಟ್ಟದ ಮೇಲೆ ನಿಂತು ನೋಡಿದರೆ ಕೆಳಗೆ ಲೋಕಪಾವನಿ, ಕಾವೇರಿ, ಸುತ್ತಲೂ ನಾಲೆ ನೀರಿನ ಗದ್ದೆಗಳು ಕಾಣುತ್ತವೆ. ಈ ಕಡೆಯ ನಾಲೆಗಳಲ್ಲಾಗಲಿ, ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಕೆರೆಗಳಲ್ಲಾಗಲಿ, ನೀರು ಗದ್ದೆಗೆ ಹರಿಯಬೇಕಾದರೆ ತೂಬು ಇರಬೇಕು. ತೂಬನ್ನು ಯಾವಾಗ, ಎಷ್ಟು ಎತ್ತಬೇಕೆಂದು ಬಲ್ಲ ನೀರುಗಂಟಿಯೂ ಇರಬೇಕು. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಏರ್ಪಾಟೂ ಹೆಚ್ಚು ಕಡಿಮೆ ಹೀಗೆಯೇ ಇದೆ.

ಜೀವಕೋಶದ ಸುತ್ತ ಕೊಬ್ಬಿನಿಂದಾದ ತೆಳುವಾದ ಪೊರೆಯಿದೆ. ಇದು ಕೆರೆಯ ಏರಿಯಿದ್ದಂತೆ. ಪೊರೆಯ ಒಳಗೂ ಹೊರಗೂ ನೀರಿದೆ, ಆ ನೀರಿನಲ್ಲಿ ಲವಣಗಳು ವಿದ್ಯುದಂಶವುಳ್ಳ ಕಣಗಳಾಗಿ ಕರಗಿವೆ. ಇವುಗಳಿಗೆ ಅಯಾನುಗಳೆಂದು ಹೆಸರು. ಒಳಗಿನ ಮತ್ತು ಹೊರಗಿನ ಪ್ರಮಾಣ ಮಾತ್ರ ಒಂದೇ ಅಲ್ಲ. ಪೊಟ್ಯಾಸಿಯಂ ಜೀವಕೋಶದ ಒಳಗೆ ಹೊರಗಿಗಿಂತ ಸುಮಾರು 30 ಪಟ್ಟು ಹೆಚ್ಚು. ಸೋಡಿಯಂ ಇದಕ್ಕೆ ತದ್ವಿರುದ್ಧ, ಹೊರಗೆ ಹೆಚ್ಚು, ಒಳಗೆ ಕಡಿಮೆ. ಕ್ಯಾಲ್ಸಿಯಂ ಅಂತೂ ಜೀವಕೋಶದ ರಸದಲ್ಲಿ ಹೊರಗಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಮಾತ್ರ ಇರುತ್ತದೆ. ಉಳಿದ ಕ್ಯಾಲ್ಸಿಯಂ ಜೀವಕೋಶದೊಳಗಿನ ಚೀಲದಂತಹ ಕಣಜಗಳಲ್ಲಿ ಭದ್ರವಾಗಿರುತ್ತದೆ. ಜೀವಕೋಶ ಜೀವಂತವಾಗಿರುವುದೇ ಈ ಏರುಪೇರನ್ನು ಹಗಲಿರುಳೂ ಕಾಪಾಡಿಕೊಳ್ಳುವುದರಿಂದ.

ಅಯಾನುಗಳು ಕೊಬ್ಬಿನ ಪೊರೆಯನ್ನು ತಾವಾಗಿ ದಾಟಲಾರವು. ಅವು ಹಾದುಹೋಗಲು ಪ್ರೋಟೀನಿನಿಂದ ಮಾಡಿದ ಸಣ್ಣ ದಾರಿಗಳಿವೆ. ಇವೇ ಅಯಾನು ಕಾಲುವೆಗಳು, ಎಂದರೆ ಜೀವಕೋಶದ ತೂಬುಗಳು. ಹೃದಯದ ಬಡಿತ, ನರಗಳ ಸಂದೇಶ, ಸ್ನಾಯುಗಳ ಚಲನೆ ಎಲ್ಲವೂ ಈ ತೂಬುಗಳು ಹೊತ್ತು ಹೊತ್ತಿಗೆ ತೆರೆದು ಮುಚ್ಚುವುದನ್ನೇ ಅವಲಂಬಿಸಿವೆ.

ವೈರಸ್ಸಿನ ಕಳ್ಳ ತೂಬು

ವೈರಸ್ಸಿಗೆ ಸ್ವಂತ ಮನೆಯಿಲ್ಲ. ನಮ್ಮ ಜೀವಕೋಶದೊಳಗೆ ನುಗ್ಗಿ, ಅಲ್ಲಿನ ಯಂತ್ರಗಳನ್ನೇ ಬಳಸಿಕೊಂಡು ಅದು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಈ ಕೆಲಸ ಸುಗಮವಾಗಲೆಂದು ಹಲವು ವೈರಸ್‌ಗಳು ತಮ್ಮದೇ ಅಯಾನು ಕಾಲುವೆಗಳನ್ನು ಮಾಡಿಸಿ ಜೀವಕೋಶದ ಪೊರೆಗಳಲ್ಲಿ ನಾಟುತ್ತವೆ. ವಿಜ್ಞಾನಿಗಳು ಇವನ್ನು ವೈರೋಪೊರಿನ್‌ಗಳೆಂದು ಕರೆಯುತ್ತಾರೆ. ರಾತ್ರಿ ಹೊತ್ತು ನೀರುಗಂಟಿಯ ಕಣ್ಣು ತಪ್ಪಿಸಿ ನಾಲೆಯ ಏರಿಗೆ ಪೈಪು ಹೂತಂತೆ!

ಇವುಗಳಲ್ಲಿ ಮೊದಲು ಚೆನ್ನಾಗಿ ಪರಿಚಯವಾದದ್ದು ಇನ್‌ಫ್ಲೂಯೆಂಜಾ ವೈರಸ್ಸಿನ ಎಂ-2 ಎಂಬ ಪ್ರೋಟೀನು. ಇದು ನಿಜವಾಗಿಯೂ ಅಯಾನು ಕಾಲುವೆಯೆಂದು 1992ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರವಿದ್ದಂತೆ. ನಮ್ಮ ದೇಹದ ಪ್ರೋಟೀನುಗಳಲ್ಲಿ ಸಾಮಾನ್ಯವಾಗಿ ನೂರಾರು ಮಣಿಗಳಿದ್ದರೆ, ಎಂ-2ರಲ್ಲಿ ಇರುವುದು ಕೇವಲ 97. ಇಂತಹ ನಾಲ್ಕು ಸರಗಳು ಒತ್ತಾಗಿ ನಿಂತರೆ ನಡುವೆ ಒಂದು ದಾರಿ ಏರ್ಪಡುತ್ತದೆ. ಅದರ ಮೂಲಕ ಹುಳಿಯ ಅಂಶವಾದ ಹೈಡ್ರೋಜನ್ ಅಯಾನು ಹರಿಯುತ್ತದೆ. ವೈರಸ್ಸು ತನ್ನ ಹೊದಿಕೆ ಬಿಚ್ಚಿ ಜೀವಕೋಶದೊಳಗೆ ಇಳಿಯಲು ಈ ಹರಿವು ಬೇಕು.

ಕೊರೊನಾ ವೈರಸ್ಸಿನಲ್ಲಿಯೂ ಇಂಥದೊಂದು ಪ್ರೋಟೀನು ಇದೆ. ಅದಕ್ಕೆ ಇ-ಪ್ರೋಟೀನು ಎಂದು ಹೆಸರು. ಇದರಲ್ಲಿ ಮಣಿಗಳು 75 ಮಾತ್ರ. ಐದು ಸರಗಳು ಸೇರಿ ಒಂದು ತೂಬಾಗುತ್ತದೆ. ಇದು ಮುಖ್ಯವಾಗಿ ಜೀವಕೋಶದ ಹೊರ ಏರಿಯಲ್ಲಿ ಅಲ್ಲ, ಒಳಗಿನ ಕಣಜದಂತಹ ಚೀಲಗಳ ಪೊರೆಯಲ್ಲಿ ಕೂರುತ್ತದೆ. ಅಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಈ ರಂಧ್ರದಿಂದ ಜೀವಕೋಶದ ರಸಕ್ಕೆ ಸೋರಿಕೊಳ್ಳುತ್ತದೆ.

ವೈರಸ್ಸು ರಂಧ್ರ ಕೊರೆಯುವುದು ತನ್ನ ಸಂತಾನ ಬೆಳೆಸುವ ಅನುಕೂಲಕ್ಕಾಗಿ. ರೋಗಿಯನ್ನು ಸಾಯಿಸುವುದರಿಂದ ಅದಕ್ಕೆ ಲಾಭವೇನೂ ಇಲ್ಲ. ಆದರೆ ಈ ಸೋರಿಕೆಯನ್ನು ಜೀವಕೋಶದೊಳಗೆ ಒಬ್ಬ ಕಾವಲುಗಾರ ಗಮನಿಸುತ್ತಿರುತ್ತಾನೆ.

ಕಾವಲುಗಾರ ಗಂಟೆ ಬಾರಿಸಿದಾಗ

ಈ ಕಾವಲುಗಾರನೂ ಒಂದು ಪ್ರೋಟೀನೇ. ಹೆಸರು ಎನ್.ಎಲ್.ಆರ್.ಪಿ.-3. ಯಾವ ಶತ್ರು ಬಂದನೆಂದು ಗುರುತು ಹಿಡಿಯುವುದು ಇವನ ಕೆಲಸವಲ್ಲ. ಜೀವಕೋಶದ ನೆಮ್ಮದಿ ಕೆಟ್ಟಿದೆಯೇ, ಪೊಟ್ಯಾಸಿಯಂ ಹೊರಗೆ ಸೋರುತ್ತಿದೆಯೇ, ಕ್ಯಾಲ್ಸಿಯಂ ಏರುತ್ತಿದೆಯೇ, ಹುಳಿ ಇರಬೇಕಾದ ಕಡೆ ಇದೆಯೇ ಎಂದು ನೋಡುವುದಷ್ಟೇ ಇವನ ಕೆಲಸ. ಸೋರಿಕೆ ಕಂಡೊಡನೆ ಇವನು ಸಂಗಡಿಗ ಪ್ರೋಟೀನುಗಳನ್ನು ಕೂಡಿಸಿ ಒಂದು ದೊಡ್ಡ ಗುಂಪು ಕಟ್ಟುತ್ತಾನೆ. ಇಂತಹ ಗುಂಪಿಗೆ ಸ್ವಿಟ್ಜರ್ಲೆಂಡಿನ ಯೂರ್ಗ್ ಶೋಪ್ ಮತ್ತು ಸಂಗಡಿಗರು 2002ರಲ್ಲಿ ಇನ್‌ಫ್ಲಮಸೋಮ್ ಎಂದು ಹೆಸರಿಟ್ಟರು. ಉರಿಯೂತದ ಒಲೆ ಎಂದು ನಾವು ಕರೆಯಬಹುದು.

ಈ ಒಲೆ ಹೊತ್ತಿಕೊಳ್ಳಲು ಎರಡು ಹೆಜ್ಜೆಗಳು ಬೇಕು. ಮೊದಲನೆಯದು ಸೌದೆ ಜೋಡಿಸುವುದು. ವೈರಸ್ಸಿನ ಗುರುತು ಸಿಕ್ಕಿದ ಕೂಡಲೇ ಜೀವಕೋಶವು ಇಂಟರ್‌ಲ್ಯೂಕಿನ್-1 ಎಂಬ ರಾಸಾಯನಿಕವನ್ನು ಹಸಿ ರೂಪದಲ್ಲಿ ತಯಾರಿಸಿಟ್ಟುಕೊಳ್ಳುತ್ತದೆ. ಎರಡನೆಯದು ಕಡ್ಡಿ ಗೀರುವುದು. ಕಳ್ಳ ತೂಬಿನ ಸೋರಿಕೆ ಮಾಡುವುದು ಈ ಎರಡನೆಯ ಕೆಲಸವನ್ನು. ಒಲೆ ಹೊತ್ತಿಕೊಂಡೊಡನೆ ಕ್ಯಾಸ್ಪೇಸ್-1 ಎಂಬ ಕತ್ತರಿ ಎಚ್ಚೆತ್ತು ಎರಡು ಕಡೆ ಕತ್ತರಿಸುತ್ತದೆ. ಹಸಿ ಇಂಟರ್‌ಲ್ಯೂಕಿನ್ನನ್ನು ಕತ್ತರಿಸಿ ಚುರುಕಾಗಿಸುವುದು ಒಂದು. ಗ್ಯಾಸ್‌ಡರ್ಮಿನ್-ಡಿ ಎಂಬ ಪ್ರೋಟೀನನ್ನು ಕತ್ತರಿಸಿ ಬಿಡುಗಡೆ ಮಾಡುವುದು ಇನ್ನೊಂದು. ಈ ಎರಡನೆಯ ಪ್ರೋಟೀನಿನ ತುಂಡುಗಳು ಜೀವಕೋಶದ ಹೊರಪೊರೆಗೆ ಹೋಗಿ ತಾವೇ ದೊಡ್ಡ ತೂತುಗಳನ್ನು ಮಾಡುತ್ತವೆ. ಇದು ತಿಳಿದುಬಂದದ್ದು 2015-16ರಲ್ಲಿ. ಇಂಟರ್‌ಲ್ಯೂಕಿನ್ ಆ ತೂತುಗಳಿಂದ ಹೊರಗೆ ಧುಮುಕುತ್ತದೆ. ನೀರು ಒಳನುಗ್ಗಿ ಜೀವಕೋಶ ಉಬ್ಬಿ ಒಡೆದುಹೋಗುತ್ತದೆ. ಈ ಬಗೆಯ ಸಾವಿಗೆ ಪೈರಾಪ್ಟೋಸಿಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಪೈರ್ ಎಂದರೆ ಬೆಂಕಿ.

ಮುಂದಿನದು ರೋಗಿಗೆ ಗೊತ್ತಾಗುವ ಭಾಗ. ಇಂಟರ್‌ಲ್ಯೂಕಿನ್-1 ರಕ್ತದ ಮೂಲಕ ಮಿದುಳಿನ ಮೇಲೆ ಪರಿಣಾಮ ಬೀರಿ ಜ್ವರ ಏರಿಸುತ್ತದೆ, ಹಸಿವು ಕೆಡಿಸುತ್ತದೆ. ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ಬಿಳಿ ರಕ್ತಕಣಗಳು ಗುಂಪು ಗುಂಪಾಗಿ ಬರುತ್ತವೆ, ಅವು ಮತ್ತಷ್ಟು ರಾಸಾಯನಿಕಗಳನ್ನು ಬಿಡುತ್ತವೆ. ಇದೆಲ್ಲ ಶ್ವಾಸಕೋಶದಲ್ಲಿ ನಡೆದರೆ, ಗಾಳಿ ತುಂಬಬೇಕಾದ ಪುಟ್ಟ ಗೂಡುಗಳಲ್ಲಿ ನೀರು ತುಂಬುತ್ತದೆ. ಆಮ್ಲಜನಕ ರಕ್ತಕ್ಕೆ ಇಳಿಯುವುದಿಲ್ಲ. ರೋಗಿ ಏದುಸಿರು ಬಿಡುವುದು ಆಗಲೇ.

ತೂಬು ಮುಚ್ಚಿದರೆ ಏನಾಗುತ್ತದೆ?

ಸೋರಿಕೆಗೂ ಉರಿಯೂತಕ್ಕೂ ಇರುವ ನಂಟು ಬರಿಯ ಊಹೆಯಲ್ಲ. ಇನ್‌ಫ್ಲೂಯೆಂಜಾದ ಎಂ-2 ಕಾಲುವೆ ಈ ಕಾವಲುಗಾರನನ್ನು ಎಬ್ಬಿಸುತ್ತದೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು.

ಇನ್ನೂ ಮನಮುಟ್ಟುವ ಪ್ರಯೋಗ ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ನಡೆಯಿತು. 2003ರಲ್ಲಿ ಹಲವು ದೇಶಗಳನ್ನು ನಡುಗಿಸಿದ ಸಾರ್ಸ್ ರೋಗದ ಕೊರೊನಾ ವೈರಸ್ಸನ್ನು ಅಲ್ಲಿನ ಲೂಯಿಸ್ ಎನ್‌ಹ್ವಾನೆಸ್ ಅವರ ತಂಡ ಎರಡು ಬಗೆಯಲ್ಲಿ ಸಿದ್ಧಪಡಿಸಿತು. ಒಂದರಲ್ಲಿ ಇ-ಪ್ರೋಟೀನಿನ ತೂಬು ಎಂದಿನಂತೆ ತೆರೆದಿತ್ತು. ಇನ್ನೊಂದರಲ್ಲಿ ಒಂದೇ ಒಂದು ಮಣಿಯನ್ನು ಬದಲಿಸಿ ತೂಬು ಕೆಲಸ ಮಾಡದಂತೆ ಮಾಡಲಾಗಿತ್ತು. ಎರಡನ್ನೂ ಇಲಿಗಳಿಗೆ ಸೋಂಕಿಸಿದರು. ತೂಬು ಕೆಟ್ಟ ವೈರಸ್ಸೂ ಶ್ವಾಸಕೋಶದಲ್ಲಿ ಚೆನ್ನಾಗಿಯೇ ಬೆಳೆಯಿತು. ಆದರೆ ಆ ಇಲಿಗಳ ಶ್ವಾಸಕೋಶದಲ್ಲಿ ನೀರು ತುಂಬಿದ್ದು ಕಡಿಮೆ, ಇಂಟರ್‌ಲ್ಯೂಕಿನ್ ಕಡಿಮೆ, ಬದುಕಿ ಉಳಿದ ಇಲಿಗಳು ಹೆಚ್ಚು. ಇದು ಪ್ರಕಟವಾದದ್ದು 2014ರಲ್ಲಿ. ಕೋವಿಡ್ ವೈರಸ್ಸಿನ ಇ-ಪ್ರೋಟೀನು ಸಾರ್ಸ್ ವೈರಸ್ಸಿನದಕ್ಕೆ ಬಹುಮಟ್ಟಿಗೆ ಹೋಲುತ್ತದೆ. ವೈರಸ್ಸು ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ಬೆಂಕಿ ಎಬ್ಬಿಸಿದೆ ಎಂಬುದೇ ಕೆಲವೊಮ್ಮೆ ಪ್ರಾಣಾಪಾಯವನ್ನು ನಿರ್ಧರಿಸುತ್ತದೆ ಎಂಬ ಪಾಠ ಇದರಿಂದ ದೊರೆಯಿತು.

ನಮ್ಮ ರಂಗನತಿಟ್ಟಿನ ಮರಗಳಲ್ಲಿ ತಲೆಕೆಳಗಾಗಿ ತೂಗುವ ದೊಡ್ಡ ಬಾವಲಿಗಳ ಹತ್ತಿರದ ಸಂಬಂಧಿಗಳೂ ಇದೇ ಪಾಠವನ್ನು ಕಲಿಸಿವೆ. ಬಾವಲಿಗಳು ಹಲವು ವೈರಸ್‌ಗಳನ್ನು ಮೈಯಲ್ಲಿ ಹೊತ್ತಿದ್ದರೂ ಕಾಯಿಲೆ ಬೀಳುವುದು ಅಪರೂಪ. ಸಿಂಗಪುರದ ಲಿನ್-ಫಾ ವಾಂಗ್ ಅವರ ತಂಡ 2019ರಲ್ಲಿ ಇದಕ್ಕೆ ಒಂದು ಕಾರಣ ಕಂಡುಕೊಂಡಿತು. ಬಾವಲಿಗಳಲ್ಲಿ ಎನ್.ಎಲ್.ಆರ್.ಪಿ.-3 ಕಾವಲುಗಾರ ತೀರ ಸಮಾಧಾನಿ. ವೈರಸ್ಸಿನ ಸಂಖ್ಯೆ ಅಷ್ಟೇ ಇದ್ದರೂ ಉರಿಯೂತ ಮಾತ್ರ ಕಡಿಮೆ. (ಇಷ್ಟು ಓದಿ ಬಾವಲಿಗಳನ್ನು ಕಂಡು ಹೆದರಬೇಕಾಗಿಲ್ಲ, ಓಡಿಸಬೇಕಾಗಿಯೂ ಇಲ್ಲ. ಅವು ಕಚ್ಚಿ ಬಿಟ್ಟ ಹಣ್ಣನ್ನು ತಿನ್ನದಿದ್ದರೆ ಸಾಕು.)

ಚಿಕುನ್‌ಗುನ್ಯದ ಕೀಲುನೋವು

ಈ ಬೆಂಕಿ ಶ್ವಾಸಕೋಶಕ್ಕೆ ಮಾತ್ರ ಸೀಮಿತವಲ್ಲ. 2006ರ ಚಿಕುನ್‌ಗುನ್ಯವನ್ನು ನಮ್ಮ ರಾಜ್ಯದ ಜನ ಮರೆತಿರಲಾರರು. ಆ ವರ್ಷ ದೇಶದಲ್ಲಿ ವರದಿಯಾದ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು, ಎಂದರೆ ಏಳು ಲಕ್ಷಕ್ಕೂ ಮೀರಿ, ಕರ್ನಾಟಕದಲ್ಲೇ ಇದ್ದವು. ಜ್ವರ ಮೂರು ನಾಲ್ಕು ದಿನಕ್ಕೆ ಇಳಿದರೂ ಕೀಲುನೋವು ತಿಂಗಳುಗಟ್ಟಲೆ ಕಾಡಿತು. ಬೆಳಿಗ್ಗೆ ಎದ್ದರೆ ಮುಷ್ಟಿ ಮಡಿಸಲಾಗದು, ಗೋಡೆ ಹಿಡಿಯದೆ ನಡೆಯಲಾಗದು. ವೈರಸ್ಸು ಹೋದ ಮೇಲೂ ನೋವು ಏಕೆಂದು ಜನ ಕೇಳುತ್ತಿದ್ದರು.

ಚಿಕುನ್‌ಗುನ್ಯ ರೋಗಿಗಳ ರಕ್ತಕಣಗಳಲ್ಲಿ ಎನ್.ಎಲ್.ಆರ್.ಪಿ.-3 ಹೆಚ್ಚಾಗಿರುವುದು 2017ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ಇಲಿಗಳಲ್ಲಿ ಅದನ್ನು ತಡೆದಾಗ ಕೀಲುಗಳ ಊತವೂ ಮೂಳೆಯ ಸವೆತವೂ ಕಡಿಮೆಯಾದವು. ಈ ವೈರಸ್ಸಿಗೂ 6-ಕೆ ಎಂಬ ಪುಟ್ಟ ಪ್ರೋಟೀನಿನ ತೂಬು ಇದೆಯೆಂದು ದೆಹಲಿಯ ಐ.ಐ.ಟಿ.ಯ ವಿಜ್ಞಾನಿಗಳು 2019ರಲ್ಲಿ ತೋರಿಸಿದ್ದಾರೆ.

ಯಾರಿಗೆ ಹೆಚ್ಚು ಅಪಾಯ?

ಒಂದೇ ಮನೆಯಲ್ಲಿ ಒಂದೇ ವೈರಸ್ಸು ನಾಲ್ವರಿಗೆ ತಗುಲಿದರೂ ಒಬ್ಬರು ಮಾತ್ರ ಆಸ್ಪತ್ರೆ ಸೇರುವುದುಂಟು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಸೌದೆ ಮೊದಲೇ ಜೋಡಿಸಿಟ್ಟಿರುವುದು. ಎನ್.ಎಲ್.ಆರ್.ಪಿ.-3 ಎಚ್ಚರಗೊಳ್ಳುವುದು ವೈರಸ್ಸಿನಿಂದ ಮಾತ್ರವಲ್ಲ. ಗೌಟ್ ರೋಗದಲ್ಲಿ ಹೆಬ್ಬೆರಳಿನ ಕೀಲಿನಲ್ಲಿ ಕೂರುವ ಯೂರಿಕ್ ಆಮ್ಲದ ಹರಳುಗಳು, ರಕ್ತನಾಳಗಳಲ್ಲಿ ಸೇರುವ ಕೊಲೆಸ್ಟರಾಲ್ ಹರಳುಗಳು, ಕಲ್ಲುಪುಡಿಯ ದೂಳಿನಲ್ಲಿರುವ ಸಿಲಿಕಾ, ಇವೆಲ್ಲವೂ ಇದೇ ಕಾವಲುಗಾರನನ್ನು ಕೆಣಕುತ್ತವೆ. ಸ್ಥೂಲಕಾಯ ಮತ್ತು ಮಧುಮೇಹದಲ್ಲಿ ಸಣ್ಣ ಪ್ರಮಾಣದ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ. ವಯಸ್ಸಾದಂತೆ ಇದು ಎಲ್ಲರಲ್ಲೂ ಸ್ವಲ್ಪ ಹೆಚ್ಚುತ್ತದೆ.

ಆದ್ದರಿಂದ ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರು, ತೂಕ ಹೆಚ್ಚಿರುವವರು, ಪಾಂಡವಪುರ ಮೊದಲಾದ ಕಡೆ ಕಲ್ಲುಗಣಿ, ಕ್ರಷರ್‌ಗಳಲ್ಲಿ ವರ್ಷಗಟ್ಟಲೆ ದುಡಿದು ದೂಳು ಕುಡಿದವರು, ಬೀಡಿ ಸಿಗರೇಟು ಸೇದುವವರು ಮತ್ತು ಗರ್ಭಿಣಿಯರು ವೈರಸ್ ಜ್ವರವನ್ನು ಹಗುರವಾಗಿ ಕಾಣಬಾರದು.

ಬೆಂಕಿ ಬೇಕು, ಹದವೂ ಬೇಕು

ಹಾಗಾದರೆ ಜ್ವರ ಬಂದ ಮೊದಲ ದಿನವೇ ಉರಿಯೂತವನ್ನು ಅಡಗಿಸಿಬಿಟ್ಟರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಈ ಲೇಖನದ ಮುಖ್ಯ ಮಾತು ಇರುವುದು ಇಲ್ಲಿಯೇ. ಉರಿಯೂತ ನಮ್ಮ ಶತ್ರುವಲ್ಲ. ಮೊದಲ ದಿನಗಳಲ್ಲಿ ಅದೇ ನಮ್ಮ ರಕ್ಷಣೆ. ಕಾವಲುಗಾರ ಗಂಟೆ ಬಾರಿಸದಿದ್ದರೆ ಬಿಳಿ ರಕ್ತಕಣಗಳು ಬರುವುದಿಲ್ಲ, ವೈರಸ್ಸು ನಿರಾತಂಕವಾಗಿ ಬೆಳೆಯುತ್ತದೆ.

ಆಸ್ಟ್ರೇಲಿಯಾದ ವಿಜ್ಞಾನಿಗಳು 2016ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಇನ್‌ಫ್ಲೂಯೆಂಜಾ ತಗುಲಿಸಿದ ಇಲಿಗಳಿಗೆ ಎನ್.ಎಲ್.ಆರ್.ಪಿ.-3ನ್ನು ತಡೆಯುವ ಔಷಧಿ ಕೊಟ್ಟರು. ಸೋಂಕಿನ ಆರಂಭದಲ್ಲೇ ಕೊಟ್ಟಾಗ ಇಲಿಗಳು ಇನ್ನೂ ಬೇಗ ಸತ್ತವು. ಅದೇ ಔಷಧಿಯನ್ನು ಕೆಲವು ದಿನ ಕಳೆದು, ರೋಗ ಬಲಿತ ಮೇಲೆ ಕೊಟ್ಟಾಗ ಹೆಚ್ಚು ಇಲಿಗಳು ಉಳಿದವು. ಔಷಧಿ ಒಂದೇ, ಹೊತ್ತು ಬೇರೆ, ಫಲ ತದ್ವಿರುದ್ಧ.

ಮನುಷ್ಯರಲ್ಲಿ ಇದೇ ಮಾತನ್ನು ಹೇಳಿದ್ದು ಬ್ರಿಟನ್ನಿನ ರಿಕವರಿ ಅಧ್ಯಯನ. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಔಷಧಿಯನ್ನು ಅಲ್ಲಿ 2,104 ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂನಂತೆ, ಹೆಚ್ಚೆಂದರೆ ಹತ್ತು ದಿನ ಕೊಟ್ಟು, ಅದನ್ನು ಪಡೆಯದ 4,321 ರೋಗಿಗಳೊಂದಿಗೆ ಹೋಲಿಸಿದರು. 2020ರ ಜೂನ್‌ನಲ್ಲಿ ಫಲಿತಾಂಶ ಹೊರಬಿತ್ತು. ಕೃತಕ ಉಸಿರಾಟದ ಯಂತ್ರದಲ್ಲಿದ್ದವರಲ್ಲಿ ಸಾವು ಸುಮಾರು ಮೂರನೆಯ ಒಂದರಷ್ಟು ತಗ್ಗಿತು. ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೆಯ ಒಂದರಷ್ಟು ತಗ್ಗಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಮಾತ್ರ ಯಾವ ಪ್ರಯೋಜನವೂ ಆಗಲಿಲ್ಲ.

ನಮ್ಮಲ್ಲಿ ಆದದ್ದೇನು? 2021ರಲ್ಲಿ ಕೆಲವು ಕಡೆ ಜ್ವರ ಬಂದ ಮೊದಲ ದಿನದಿಂದಲೇ, ಆಮ್ಲಜನಕದ ಮಟ್ಟ ಸರಿಯಾಗಿದ್ದವರಿಗೂ, ಸ್ಟಿರಾಯ್ಡ್ ಮಾತ್ರೆಗಳು ಮನೆಮನೆಗೆ ಹೋದವು. ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಅದರ ಬೆನ್ನಿಗೇ ಬಂದದ್ದು ಕಪ್ಪು ಶಿಲೀಂಧ್ರವೆಂದು ಹೆಸರಾದ ಮ್ಯೂಕರ್ ರೋಗ. 2021ರ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ಅದು ತಗುಲಿತ್ತು. ಅವರಲ್ಲಿ ಹೆಚ್ಚಿನವರು ಮಧುಮೇಹಿಗಳು ಮತ್ತು ಸ್ಟಿರಾಯ್ಡ್ ಪಡೆದವರು. ಎಷ್ಟೋ ಜನ ಕಣ್ಣು ಕಳೆದುಕೊಂಡರು.

ಆ ಅಲೆ ಮುಗಿದರೂ ಅಭ್ಯಾಸ ಮುಗಿದಿಲ್ಲ. ‘ಡಾಕ್ಟ್ರೇ, ನಾಳೆ ಗದ್ದೆ ಕೆಲಸ ಇದೆ, ಒಂದು ಪವರ್ ಇಂಜೆಕ್ಷನ್ ಹಾಕಿಬಿಡಿ’ ಎಂದು ಕೇಳುವವರು ಈಗಲೂ ಇದ್ದಾರೆ. ಒಂದೇ ದಿನದಲ್ಲಿ ಮೈಕೈ ನೋವು ಮಾಯವಾಗಿ ಜ್ವರ ಇಳಿಸುವ ‘ಪವರ್’ ಬಹಳ ಸಲ ಸ್ಟಿರಾಯ್ಡೇ ಆಗಿರುತ್ತದೆ. ಅಲ್ಲಿ ವಾಸಿಯಾದದ್ದು ರೋಗವಲ್ಲ, ನಿಂತದ್ದು ಗಂಟೆಯ ಸದ್ದು. ಕಳ್ಳ ತೂಬು ಒಳಗೆ ತೆರೆದೇ ಇರುತ್ತದೆ.

ತೂಬು ಮುಚ್ಚುವ ಔಷಧಿ ಇದೆಯೇ?

ಇತ್ತು. ಅಮಾಂಟಡೀನ್ ಎಂಬ ಔಷಧಿ ಇನ್‌ಫ್ಲೂಯೆಂಜಾದ ಎಂ-2 ತೂಬಿಗೆ ಬೆಣೆ ಹೊಡೆದಂತೆ ಕೂರುತ್ತಿತ್ತು. 1966ರಲ್ಲೇ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತ್ತು. ಆದರೆ ವೈರಸ್ಸು ಜಾಣ. ತೂಬಿನ ಒಂದೇ ಮಣಿ ಬದಲಿಸಿಕೊಂಡು ಬೆಣೆ ಹಿಡಿಯದಂತೆ ಮಾಡಿಕೊಂಡಿತು. 2009ರ ಎಚ್1ಎನ್1 ವೈರಸ್ಸಿಗೂ ಈ ಔಷಧಿ ನಾಟಲಿಲ್ಲ. ಆದ್ದರಿಂದ ಈಗ ಫ್ಲೂ ಜ್ವರಕ್ಕೆ ಇದನ್ನು ಬಳಸುವುದಿಲ್ಲ, ಪಾರ್ಕಿನ್‌ಸನ್ ರೋಗಕ್ಕೆ ಬಳಸುತ್ತಾರೆ. ಫ್ಲೂಗೆ ಈಗ ಕೊಡುವ ಒಸೆಲ್ಟಾಮಿವಿರ್ ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. ವೈದ್ಯರು ಬೇಕೆಂದು ಕಂಡವರಿಗೆ ಅದನ್ನು ಮೊದಲ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲ.

ಬೆಂಕಿಯ ಕಡೆಯಿಂದಲೂ ಪ್ರಯತ್ನಗಳು ನಡೆದಿವೆ. ಇಂಟರ್‌ಲ್ಯೂಕಿನ್-1ನ್ನು ತಡೆಯುವ ಅನಕಿನ್ರಾ ಎಂಬ ಚುಚ್ಚುಮದ್ದಿಗೆ ಆಯ್ದ ಕೋವಿಡ್ ರೋಗಿಗಳಲ್ಲಿ ಬಳಸಲು ಯೂರೋಪಿನಲ್ಲಿ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ದೊರೆಯಿತು. ಗೌಟ್‌ಗೆ ಕೊಡುವ ಕಾಲ್ಚಿಸಿನ್ ಮಾತ್ರೆಯ ಮೇಲೆ ಬಹಳ ಭರವಸೆಯಿತ್ತು. ಆದರೆ ರಿಕವರಿ ಅಧ್ಯಯನದಲ್ಲಿ 11 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಪರೀಕ್ಷಿಸಿದಾಗ ಅದರಿಂದ ಸಾವು ತಗ್ಗಲಿಲ್ಲ. ಪ್ರಯೋಗಶಾಲೆಯಲ್ಲಿ ಸರಿ ಕಂಡದ್ದೆಲ್ಲ ರೋಗಿಯ ಹಾಸಿಗೆಯ ಬಳಿ ಸರಿಯಾಗುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಅಂಗಡಿಯಿಂದ ತಾವಾಗಿ ತಂದು ನುಂಗುವಂತಿಲ್ಲ.

ನೀವು ಮಾಡಬೇಕಾದದ್ದು

ಮೊದಲ ಮೂರು ದಿನ: ವಿಶ್ರಾಂತಿಯೇ ಮೊದಲ ಮದ್ದು. ಗಂಜಿ, ಮಜ್ಜಿಗೆ, ಎಳನೀರು, ತಿಳಿಸಾರು ಧಾರಾಳವಾಗಿ ಕುಡಿಯಿರಿ. (ಮೂತ್ರಪಿಂಡದ ಕಾಯಿಲೆಯವರು ಎಳನೀರಿನ ಬಗ್ಗೆ ವೈದ್ಯರನ್ನು ಕೇಳಬೇಕು.) ಜ್ವರಕ್ಕೆ ಪ್ಯಾರಸಿಟಮಾಲ್ 500 ಅಥವಾ 650 ಮಿಲಿಗ್ರಾಂನ ಒಂದು ಮಾತ್ರೆ ದೊಡ್ಡವರಿಗೆ ಸಾಕು. ಎರಡು ಮಾತ್ರೆಗಳ ನಡುವೆ ಆರು ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕನ್ನು ಮೀರಬೇಡಿ. ಯಕೃತ್ತಿನ ತೊಂದರೆಯಿರುವವರು ಮತ್ತು ಮದ್ಯಪಾನಿಗಳು ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ಮಕ್ಕಳಿಗೆ ತೂಕ ನೋಡಿ ವೈದ್ಯರು ಹೇಳಿದಷ್ಟೇ ಕೊಡಬೇಕು. ಜ್ವರದ ಅಂಕಿ, ದಿನ ಬರೆದಿಡಿ. ಎಷ್ಟನೆಯ ದಿನ ಎಂಬುದು ವೈದ್ಯರಿಗೆ ಬಹಳ ಮುಖ್ಯ.

ಮಾಡಬಾರದ್ದು: ಸ್ಟಿರಾಯ್ಡ್ ಮಾತ್ರೆ, ಇಂಜೆಕ್ಷನ್ ಬೇಡ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಇವೆಲ್ಲ ಸ್ಟಿರಾಯ್ಡ್‌ಗಳೇ. ಬರೆದುಕೊಟ್ಟ ಚೀಟಿಯಲ್ಲಿ ಇವು ಕಂಡರೆ ಏಕೆಂದು ಕೇಳಲು ಸಂಕೋಚಪಡಬೇಡಿ. ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಗಳಿಗೆ, ವೈರಸ್ಸಿಗಲ್ಲ. ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್‌ನಂತಹ ನೋವಿನ ಮಾತ್ರೆಗಳನ್ನು ತಾವಾಗಿ ತೆಗೆದುಕೊಳ್ಳಬೇಡಿ. ಅವು ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಆದರೆ ಆಸ್ತಮಾ ಮೊದಲಾದ ಹಳೆಯ ಕಾಯಿಲೆಗೆ ಸ್ಟಿರಾಯ್ಡನ್ನೋ, ಹೃದಯದ ತೊಂದರೆಗೆ ಆಸ್ಪಿರಿನ್ನನ್ನೋ ವೈದ್ಯರ ಸಲಹೆಯಂತೆ ದಿನವೂ ಬಳಸುತ್ತಿರುವವರು ಈ ಲೇಖನ ಓದಿ ಅದನ್ನು ನಿಲ್ಲಿಸಬಾರದು. ವೈದ್ಯರನ್ನು ಕಾಣಬೇಕು.

ನಾಲ್ಕರಿಂದ ಹತ್ತನೆಯ ದಿನ: ಇದು ಕಣ್ಣಿಟ್ಟು ಕಾಯಬೇಕಾದ ಕಾಲ. ಜ್ವರ ಇಳಿಯಿತೆಂದು ಮೈಮರೆಯಬೇಡಿ. ಡೆಂಗಿಯಲ್ಲಂತೂ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಕೆಳಗಿನ ಯಾವ ಲಕ್ಷಣ ಕಂಡರೂ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ:

- ಮಾತನಾಡುವಾಗ, ನಾಲ್ಕು ಹೆಜ್ಜೆ ನಡೆದಾಗ ಏದುಸಿರು
- ಸುಮ್ಮನೆ ಕುಳಿತಿದ್ದಾಗ ದೊಡ್ಡವರ ಉಸಿರು ನಿಮಿಷಕ್ಕೆ 24 ಅಥವಾ ಹೆಚ್ಚು
- ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕ 94ಕ್ಕಿಂತ ಕಡಿಮೆ
- ಇಳಿದ ಜ್ವರ ಮತ್ತೆ ಏರುವುದು
- ತುಟಿ, ಉಗುರು ನೀಲಿಗಟ್ಟುವುದು
- ಮಂಪರು, ಅಸಂಬದ್ಧ ಮಾತು
- ತಡೆಯಿಲ್ಲದ ವಾಂತಿ, ತೀವ್ರ ಹೊಟ್ಟೆನೋವು, ಮೂತ್ರ ತೀರ ಕಡಿಮೆಯಾಗುವುದು, ಒಸಡು ಮೂಗುಗಳಿಂದ ರಕ್ತ

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಡಬೇಕಾಗಿ ಬಂದಾಗ, ರೋಗ ಯಾವುದೆಂದು ನೋಡಿ ವೈದ್ಯರು ಸ್ಟಿರಾಯ್ಡ್ ಕೊಡಬಹುದು. ಆಗ ಅದೇ ಔಷಧಿ ಪ್ರಾಣ ಉಳಿಸುತ್ತದೆ. ಹೆದರಿ ಬೇಡವೆನ್ನಬೇಡಿ. ಸಕ್ಕರೆ ಪ್ರಮಾಣವನ್ನು ಮಾತ್ರ ದಿನವೂ ನೋಡಿಸಿಕೊಳ್ಳಿ, ಹೇಳಿದಷ್ಟೇ ದಿನ ಬಳಸಿ.

ಎಲ್ಲಕ್ಕಿಂತ ಮೇಲು, ತೂಬು ಕೊರೆಯಲು ಅವಕಾಶವನ್ನೇ ಕೊಡದಿರುವುದು. ವಯಸ್ಸಾದವರು, ಮಧುಮೇಹಿಗಳು, ಗರ್ಭಿಣಿಯರು ವೈದ್ಯರನ್ನು ಕೇಳಿ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು, ಜ್ವರವಿದ್ದಾಗ ಜಾತ್ರೆ ಮದುವೆಗಳಿಗೆ ಹೋಗದಿರುವುದು, ತೊಟ್ಟಿ ಡ್ರಮ್ಮುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ ತುಂಬುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು, ಇವು ಯಾರ ಕೈಗೂ ಎಟುಕುವ ಕೆಲಸಗಳು.

ವೈರಸ್ ಜ್ವರದಲ್ಲಿ ಔಷಧಿಯಷ್ಟೇ ಮುಖ್ಯವಾದದ್ದು ದಿನದ ಲೆಕ್ಕ. ಜ್ವರ ಬಂದ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನ ಹತ್ತು ದಿನ ಮನೆಯವರಲ್ಲಿ ಒಬ್ಬರು ರೋಗಿಯ ಉಸಿರಿನ ಮೇಲೆ ಕಣ್ಣಿಟ್ಟಿರಲಿ.